ಮನೆ ಕಳಕೊಂಡವರಿಗೆ ಸೂರು ಕೊಟ್ಟ ಕ್ಲಾರಾ ಬಾರ್ಟನ್

ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಮಹಾನ್ ವ್ಯಕ್ತಿಯ ಜೀವನ ಚರಿತ್ರೆ ಬರೆಯಬೇಕು ಅಂತ ಗುರುಗಳು ನನಗೆ ಹೇಳಿದರು. ಗಾಂಧೀಜಿ, ಬಸವಣ್ಣನವರು, ಅಂಬೇಡ್ಕರ್, ಕಿತ್ತೂರು ಚೆನ್ನಮ್ಮ ಇವರ ಬಗ್ಗೆ ಹಿಂದಿನ ಸಂಚಿಕೆಗಳಲ್ಲಿ ಎಲ್ಲರೂ ಬರೆದು ಆಗಿದೆ. ಅದಕ್ಕೆ ನಾನು ಅಮೆರಿಕ ದೇಶದ ಒಬ್ಬ ತಾಯಿಯ ಬಗ್ಗೆ ಬರೆಯುತ್ತಿದ್ದೇನೆ. ಅವರ ಹೆಸರು ಕ್ಲಾರಾ ಬಾರ್ಟನ್. ಇಷ್ಟು ದೂರದವರನ್ನ ಯಾಕೆ ಆರಿಸಿದೆ ಅಂದರೆ ಅದಕ್ಕೊಂದು ಕಾರಣ ಇದೆ. ಅದನ್ನು ಕೊನೆಗೆ ಹೇಳುತ್ತೇನೆ. ಗುರುಗಳು ನಾಲ್ಕು ಹಾಳೆ ಕೊಟ್ಟಿದ್ದಾರೆ, ನಾಲ್ಕೂ ತುಂಬಿವೆ. ದಯವಿಟ್ಟು ಯಾರೂ ಅರ್ಧ ಓದಿ ಆಟಕ್ಕೆ ಓಡಿ ಹೋಗಬೇಡಿ.

ಬಾಲ್ಯ

ಕ್ಲಾರಾ ಬಾರ್ಟನ್ 1821ನೇ ಇಸವಿ ಡಿಸೆಂಬರ್ 25ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಕ್ಸ್‌ಫರ್ಡ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಸ್ಟೀಫನ್ ಬಾರ್ಟನ್, ತಾಯಿ ಸಾರಾ. ಐದು ಮಂದಿ ಮಕ್ಕಳಲ್ಲಿ ಇವರೇ ಎಲ್ಲರಿಗಿಂತ ಸಣ್ಣವರು. ತಂದೆ ಮೊದಲು ಸೈನ್ಯದಲ್ಲಿದ್ದು ಆಮೇಲೆ ಒಕ್ಕಲುತನ ಮಾಡುತ್ತಿದ್ದರು.

ಕ್ಲಾರಾ ಸಣ್ಣವರಿದ್ದಾಗ ಬಹಳ ನಾಚಿಕೆ ಸ್ವಭಾವದವರು. ಮನೆಗೆ ಯಾರಾದರೂ ಬಂದರೆ ಮಾತೇ ಹೊರಡುತ್ತಿರಲಿಲ್ಲವಂತೆ. ಅವರಿಗೆ ಸುಮಾರು ಹನ್ನೊಂದು ವರ್ಷ ಆದಾಗ ಒಂದು ಘಟನೆ ನಡೆಯಿತು. ಊರವರೆಲ್ಲ ಸೇರಿ ದನ, ಮೇವು ಇಡುವ ಒಂದು ದೊಡ್ಡ ಕಟ್ಟಡ ಎತ್ತುತ್ತಿದ್ದರು. ಅವರ ಅಣ್ಣ ಡೇವಿಡ್ ಮೇಲಿನಿಂದ ಬಿದ್ದು ಹಾಸಿಗೆ ಹಿಡಿದನು. ಕ್ಲಾರಾ ಎರಡು ವರ್ಷ ಅಣ್ಣನ ಹಾಸಿಗೆ ಬಿಟ್ಟು ಕದಲಲಿಲ್ಲ. ಔಷಧಿ ಕೊಡುವುದು, ಆಗಿನ ಕಾಲದ ಪದ್ಧತಿಯಂತೆ ಜಿಗಣಿ ಹಚ್ಚಿ ಕೆಟ್ಟ ರಕ್ತ ತೆಗೆಸುವುದು, ಎಲ್ಲಾ ಅವರೇ ಮಾಡಿದರು. ಕೊನೆಗೆ ಅಣ್ಣ ಎದ್ದು ಓಡಾಡಿದನು. ನರ್ಸ್ ಕೆಲಸವನ್ನು ಅವರು ಯಾವ ಕಾಲೇಜಿನಲ್ಲೂ ಕಲಿತಿದ್ದಿಲ್ಲ. ಮನೆಯಲ್ಲೇ ಕಲಿತಿದ್ದು.

ಶಿಕ್ಷಕಿ ಆಗಿದ್ದು

ನಾಚಿಕೆ ಹೋಗಲಿ ಅಂತ ಹದಿನೇಳನೇ ವಯಸ್ಸಿನಲ್ಲೇ ಅವರನ್ನು ಶಾಲೆಗೆ ಕಲಿಸಲು ಹಚ್ಚಿದರು. ಬಹಳ ವರ್ಷ ಶಿಕ್ಷಕಿಯಾಗಿದ್ದರು. 1852ರಲ್ಲಿ ನ್ಯೂಜೆರ್ಸಿ ರಾಜ್ಯದ ಬೋರ್ಡನ್‌ಟೌನ್ ಎಂಬ ಊರಿಗೆ ಹೋದಾಗ ಅಲ್ಲಿ ಬಡವರ ಮಕ್ಕಳು ಬೀದಿಯಲ್ಲಿ ತಿರುಗುವುದನ್ನು ನೋಡಿದರು. ಫೀ ಕೊಟ್ಟವರಿಗೆ ಮಾತ್ರ ಶಾಲೆ ಇತ್ತು. ಇವರು ಫೀ ಇಲ್ಲದ ಶಾಲೆ ತೆಗೆದರು. ಮೊದಲ ದಿನ ಬಂದವರು ಆರೇ ಆರು ಹುಡುಗರು. ಆಮೇಲೆ ನೂರಾರು ಮಕ್ಕಳಾದರು. ಊರವರು ದೊಡ್ಡ ಶಾಲೆ ಕಟ್ಟಿಸಿದರು. ಆದರೆ ಮುಖ್ಯ ಗುರುಗಳ ಕುರ್ಚಿಯನ್ನು ಕ್ಲಾರಾ ಅವರಿಗೆ ಕೊಡಲಿಲ್ಲ. ಹೆಂಗಸು ಅಂತ ಬಿಟ್ಟು ಒಬ್ಬ ಗಂಡಸನ್ನು ಹೆಚ್ಚು ಸಂಬಳ ಕೊಟ್ಟು ತಂದು ಕೂರಿಸಿದರು. ಇದನ್ನು ಓದಿದಾಗ ನನಗೆ ಬಹಳ ಸಿಟ್ಟು ಬಂತು. ಕ್ಲಾರಾ ಅವರಿಗೂ ದುಃಖವಾಗಿ ಧ್ವನಿಯೇ ಬಿದ್ದು ಹೋಯಿತು. ಆ ಕೆಲಸ ಬಿಟ್ಟು ವಾಷಿಂಗ್ಟನ್‌ಗೆ ಹೋಗಿ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತೆ ಆದರು.

ಯುದ್ಧದ ಕಾಲ

1861ರಲ್ಲಿ ಅಮೆರಿಕದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಸುರುವಾಯಿತು. ಗಾಯಗೊಂಡು ಬಂದ ಸೈನಿಕರಿಗೆ ಹಾಸಿಗೆ ಇಲ್ಲ, ಊಟ ಇಲ್ಲ. ಕ್ಲಾರಾ ಮನೆಯಲ್ಲಿದ್ದ ಬಟ್ಟೆ ಬರೆ ಒಯ್ದು ಕೊಟ್ಟರು. ಸಾಲದೇ ಇದ್ದಾಗ ತಮ್ಮ ರಾಜ್ಯದ ಪತ್ರಿಕೆಯಲ್ಲಿ ಸಹಾಯ ಕೇಳಿದರು. ಸಾಮಾನು ಎಷ್ಟು ಬಂತೆಂದರೆ ಗೋದಾಮು ಬಾಡಿಗೆ ಹಿಡಿಯಬೇಕಾಯಿತು. 1862ರಲ್ಲಿ ಅನುಮತಿ ಪಡೆದು ತಾವೇ ಗಾಡಿಯಲ್ಲಿ ಸಾಮಾನು ಹೇರಿಕೊಂಡು ರಣರಂಗಕ್ಕೆ ಹೋದರು. ಆ್ಯಂಟಿಟಮ್ ಎಂಬಲ್ಲಿ ಒಬ್ಬ ಗಾಯಾಳುವಿಗೆ ನೀರು ಕುಡಿಸುವಾಗ ಒಂದು ಗುಂಡು ಇವರ ಅಂಗಿಯ ತೋಳನ್ನು ತೂರಿ ಹೋಗಿ ಆ ಸೈನಿಕನಿಗೇ ಬಡಿಯಿತು. ಅವನು ಅಲ್ಲೇ ಸತ್ತನು. ಕ್ಲಾರಾ ಆ ತೂತನ್ನು ಹೊಲಿಯಲೇ ಇಲ್ಲವಂತೆ.

ಯುದ್ಧ ಮುಗಿದ ಮೇಲೆ ಮನೆಗೆ ಬಾರದೇ ಇದ್ದ ಸೈನಿಕರನ್ನು ಹುಡುಕುವ ಕೆಲಸ ಮಾಡಿದರು. 63,000ಕ್ಕೂ ಹೆಚ್ಚು ಪತ್ರಗಳು ಬಂದವು. 22,000ಕ್ಕೂ ಹೆಚ್ಚು ಮಂದಿ ಏನಾದರು ಎಂಬುದನ್ನು ಪತ್ತೆ ಹಚ್ಚಿ ಅವರ ಮನೆಯವರಿಗೆ ತಿಳಿಸಿದರು.

ರೆಡ್ ಕ್ರಾಸ್

ದಣಿದು ಕಾಯಿಲೆ ಬಿದ್ದಿದ್ದರಿಂದ ಡಾಕ್ಟರ ಮಾತಿನಂತೆ 1869ರಲ್ಲಿ ಯುರೋಪಿಗೆ ಹೋದರು. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ರೆಡ್ ಕ್ರಾಸ್ ಬಗ್ಗೆ ತಿಳಿಯಿತು. ಬಿಳಿ ಬಟ್ಟೆ ಮೇಲೆ ಕೆಂಪು ಕೂಡಿಸುವ ಚಿಹ್ನೆ ಇರುತ್ತದಲ್ಲ, ಅದೇ ಸಂಸ್ಥೆ. ಅದು ಯುದ್ಧದಲ್ಲಿ ಗಾಯಗೊಂಡವರಿಗಾಗಿ 1863ರಲ್ಲಿ ಹುಟ್ಟಿತ್ತು. ಕ್ಲಾರಾ ವಾಪಸ್ ಬಂದು ನಮ್ಮ ದೇಶಕ್ಕೂ ಇದು ಬೇಕು ಅಂತ ವರ್ಷಗಟ್ಟಲೆ ಮಂತ್ರಿಗಳ ಬಾಗಿಲು ಬಡಿದರು. ಇನ್ನು ಮೇಲೆ ನಮ್ಮಲ್ಲಿ ಯುದ್ಧವೇ ಆಗುವುದಿಲ್ಲ, ಇದು ಯಾಕೆ ಬೇಕು ಅಂತ ಕೆಲವರು ಕೇಳಿದರು. ಆಗ ಕ್ಲಾರಾ ಒಂದು ಹೊಸ ವಿಚಾರ ಹೇಳಿದರು. ಯುದ್ಧ ಇಲ್ಲದಿದ್ದರೂ ನೆರೆ ಬರುತ್ತದೆ, ಬೆಂಕಿ ಬೀಳುತ್ತದೆ, ಬಿರುಗಾಳಿ ಬೀಸುತ್ತದೆ. ಆಗಲೂ ಮಂದಿ ಮನೆ ಮಾರು ಕಳಕೊಳ್ಳುತ್ತಾರೆ. ಅವರಿಗೂ ರೆಡ್ ಕ್ರಾಸ್ ಬೇಕು ಎಂಬುದು ಅವರ ವಾದ.

1881ನೇ ಇಸವಿ ಮೇ 21ರಂದು ಅಮೆರಿಕನ್ ರೆಡ್ ಕ್ರಾಸ್ ಸ್ಥಾಪನೆಯಾಯಿತು. ಆಗ ಕ್ಲಾರಾ ಅವರಿಗೆ 59 ವರ್ಷ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಿಶಿಗನ್ ರಾಜ್ಯದ ಕಾಡಿಗೆ ಬೆಂಕಿ ಬಿದ್ದು ಸಾವಿರಾರು ಮಂದಿ ಬೀದಿಗೆ ಬಿದ್ದರು. ಸಂಸ್ಥೆ ಮಾಡಿದ ಮೊದಲನೇ ಸಹಾಯ ಅದು. 1884ರಲ್ಲಿ ಜಿನೀವಾದ ಸಭೆಯಲ್ಲಿ ಬೇರೆ ದೇಶದವರೂ ಕ್ಲಾರಾ ಅವರ ವಿಚಾರ ಒಪ್ಪಿಕೊಂಡರು.

ಆರು ಮಕ್ಕಳ ದುಡ್ಡು

ಈ ಭಾಗವನ್ನು ನಮ್ಮ ಸಣ್ಣ ತರಗತಿಯವರು ತಪ್ಪದೇ ಓದಬೇಕು. 1884ರಲ್ಲಿ ಅಮೆರಿಕದ ಓಹಾಯೋ, ಮಿಸಿಸಿಪ್ಪಿ ಎಂಬ ದೊಡ್ಡ ಹೊಳಿಗಳಿಗೆ ನೆರೆ ಬಂತು. ಕ್ಲಾರಾ ಒಂದು ಹಬೆ ಹಡಗು ಬಾಡಿಗೆ ಹಿಡಿದು, ಅದರ ತುಂಬ ಬಟ್ಟೆ, ಕಾಳು, ಬೀಜ, ಹಲಗೆ ಹೇರಿಕೊಂಡು ಹೊಳಿ ದಂಡಿಗುಂಟ ಊರೂರಿಗೆ ಹಂಚುತ್ತ ಹೋದರು.

ಆಗ ವಾಟರ್‌ಫರ್ಡ್ ಎಂಬ ಊರಿನ ಆರು ಮಂದಿ ಮಕ್ಕಳು ತಾವೇ ಒಂದು ಮನರಂಜನೆ ಕಾರ್ಯಕ್ರಮ ಮಾಡಿದರು. ಅದರಿಂದ 51 ಡಾಲರ್ 25 ಸೆಂಟ್ ಬಂತು. ಅದನ್ನು ನೆರೆ ಬಂದವರಿಗೆ ಕೊಡಿರಿ ಅಂತ ಕಳಿಸಿದರು. ಕ್ಲಾರಾ ಆ ದುಡ್ಡನ್ನು ಬೇರೆ ದುಡ್ಡಿನ ಜೊತೆ ಕೂಡಿಸಲಿಲ್ಲ. ಹಾಗೇ ಬೇರೆ ಕಟ್ಟಿ ಇಟ್ಟುಕೊಂಡರು. ಒಂದು ದಿನ ದಂಡೆಯ ಮೇಲೆ ಗಂಡ ಸತ್ತ ಒಬ್ಬ ಹೆಣ್ಣುಮಗಳು ಕಂಡಳು. ಅವಳಿಗೂ ಆರು ಮಂದಿ ಮಕ್ಕಳು! ಮನೆ ಹಾಳಾಗಿ ಹೋಗಿತ್ತು. ಗೋವಿನಜೋಳದ ತೆನಿ ಇಡುವ ಗೂಡಿನೊಳಗೆ ಎಲ್ಲರೂ ವಾಸ ಇದ್ದರು. ಕ್ಲಾರಾ ಆ ಆರು ಮಕ್ಕಳ ದುಡ್ಡನ್ನು ಈ ಆರು ಮಕ್ಕಳ ಮನೆಗೆ ಕೊಟ್ಟರು, ತಮ್ಮ ಕಡೆಯಿಂದಲೂ ಸೇರಿಸಿದರು. ಅವರು ಪುನಃ ಮನೆ ಮಾಡಿಕೊಂಡು ದುಡ್ಡು ಕಳಿಸಿದ ಮಕ್ಕಳ ನೆನಪಿಗೆ ಆ ಮನೆಗೆ ಸಣ್ಣ ಆರು ಮಂದಿ ಎಂಬ ಅರ್ಥ ಬರುವ ಹೆಸರಿಟ್ಟರು. ನಾವು ಕೊಟ್ಟಿದ್ದು ಸಣ್ಣದು ಅಂತ ಯಾರೂ ತಿಳಕೊಳ್ಳಬಾರದು. ಅದು ಎಲ್ಲೋ ಒಂದು ಬಾಗಿಲು, ಒಂದು ತೊಲೆ ಆಗುತ್ತದೆ.

ಜಾನ್ಸ್‌ಟೌನ್ ನೆರೆ

ಅವರ ಜೀವನದ ಬಹಳ ದೊಡ್ಡ ಕೆಲಸ ಎಂದರೆ ಪೆನ್ಸಿಲ್ವೇನಿಯಾ ರಾಜ್ಯದ ಜಾನ್ಸ್‌ಟೌನ್ ಊರಿನಲ್ಲಿ ಮಾಡಿದ್ದು. ಆ ಊರಿನ ಮೇಲೆ ಸುಮಾರು 22 ಕಿಲೋಮೀಟರ್ ದೂರದಲ್ಲಿ ಮಣ್ಣಿನ ಒಂದು ಒಡ್ಡು ಇತ್ತು. ಶ್ರೀಮಂತರ ಒಂದು ಕ್ಲಬ್ಬಿನವರು ಮೀನು ಹಿಡಿಯಲು, ಬೇಸಿಗೆ ಕಳೆಯಲು ಅಲ್ಲಿ ಕೆರೆ ಇಟ್ಟುಕೊಂಡಿದ್ದರು. ಒಡ್ಡನ್ನು ಸರಿಯಾಗಿ ದುರಸ್ತಿ ಮಾಡಿಸಿದ್ದಿಲ್ಲ. 1889ನೇ ಇಸವಿ ಮೇ 31ರಂದು ಜೋರು ಮಳೆ ಬಿದ್ದು ಒಡ್ಡು ಒಡೆಯಿತು. ಸುಮಾರು ಒಂದು ತಾಸಿನಲ್ಲಿ ನೀರು ಊರಿಗೆ ನುಗ್ಗಿತು. ಮನೆಗಳು, ಗಿಡಗಳು, ರೈಲು ಡಬ್ಬಿಗಳು ಎಲ್ಲಾ ಕೂಡಿ ಉರುಳಿಕೊಂಡು ಬಂದವಂತೆ. ಸತ್ತವರು 2,209 ಮಂದಿ.

ಕ್ಲಾರಾ ಅವರಿಗೆ ಆಗ 67 ವರ್ಷ. ಐದು ದಿನದೊಳಗೆ ಡಾಕ್ಟರು, ಸ್ವಯಂಸೇವಕರ ತಂಡ ಕರಕೊಂಡು ರೈಲಿನಲ್ಲಿ ಅಲ್ಲಿಗೆ ಮುಟ್ಟಿದರು. ಮೊದಲು ಡೇರೆ ಹಾಕಿಕೊಂಡು ಕೆಸರಿನಲ್ಲೇ ಇದ್ದರು. ಎಷ್ಟೋ ಮಂದಿ ದೊಡ್ಡವರು ನೋಡಲು ಬಂದು, ನೋಡಿ, ಹೋದರು. ಕ್ಲಾರಾ ಐದು ತಿಂಗಳು ಅಲ್ಲೇ ಉಳಿದರು.

ಊಟ, ಬಟ್ಟೆ ಬೇಗ ಬರುತ್ತವೆ. ಸೂರು ಬೇಗ ಬರುವುದಿಲ್ಲ. ಡೇರೆಯಲ್ಲಿ ಎಷ್ಟು ದಿನ ಇರುವುದು? ಮುಂದೆ ಚಳಿಗಾಲ ಬೇರೆ. ದೂರದ ರಾಜ್ಯಗಳಿಂದ ದಾನಿಗಳು ರೈಲಿನಲ್ಲಿ ಹಲಗೆ, ತೊಲೆ ಕಳಿಸಿದರು. ಕ್ಲಾರಾ ಬಡಿಗೇರನ್ನು ಹಚ್ಚಿ ಎರಡು ಅಂತಸ್ತಿನ ದೊಡ್ಡ ಮನೆ ಎಬ್ಬಿಸಿದರು. ಅದರಲ್ಲಿ 34 ಕೋಣೆಗಳು, ಅಡಿಗೆ ಮನೆ, ಊಟದ ಹಾಲ್, ಸ್ನಾನಕ್ಕೆ ಬಿಸಿನೀರು. ಜುಲೈ 27ರಂದು ಅದನ್ನು ತೆರೆದರು. ಅಂಥವು ಇನ್ನೂ ಕೆಲವು ಕಟ್ಟಿಸಿದರು. ಇರುವವರು ಬಾಡಿಗೆ ಕೊಡುವ ಹಾಗಿಲ್ಲ. ಅವುಗಳಿಗೆ ರೆಡ್ ಕ್ರಾಸ್ ಹೋಟೆಲ್ ಅಂತ ಹೆಸರು. ತೆರೆಯುವ ದಿನ ಮದುವೆಗೆ ಕರೆದ ಹಾಗೆ ಮಂದಿಯನ್ನು ಕರೆದು ಚಹಾ ಕೊಟ್ಟರು.

ಹೋಟೆಲ್ ಅಂತ ಯಾಕೆ ಕರೆದರು ಅಂತ ನಾನು ಬಹಳ ವಿಚಾರ ಮಾಡಿದೆ. ಗಂಜಿ ಕೇಂದ್ರ ಅಂದರೆ ಹೋಗುವವರಿಗೆ ತಲೆ ತಗ್ಗುತ್ತದೆ. ಹೋಟೆಲ್ ಅಂದರೆ ನಾವು ಅತಿಥಿಗಳು. ಹೆಸರಿನಲ್ಲೂ ಮರ್ಯಾದೆ ಇರುತ್ತದೆ ಅಂತ ನನಗೆ ಅನಿಸಿತು. ಸರ್ಕಾರ ಕಟ್ಟಿಸಿಕೊಟ್ಟ ಸಣ್ಣ ಮನೆಗಳಿಗೂ ಕ್ಲಾರಾ ಅವರ ತಂಡದವರು ಮಂಚ, ಹಾಸಿಗೆ, ಮೇಜು, ಪಾತ್ರೆ ಪಗಡಿ ಕೊಟ್ಟರು. ಯಾಕೆಂದರೆ ನಾಲ್ಕು ಗೋಡೆ ಅಷ್ಟೇ ಇದ್ದರೆ ಅದು ಮನೆ ಆಗೋದಿಲ್ಲ.

ದ್ವೀಪಗಳ ಬಿರುಗಾಳಿ

1893ನೇ ಇಸವಿ ಆಗಸ್ಟ್ 27ರಂದು ಸೌತ್ ಕೆರೊಲಿನಾ ರಾಜ್ಯದ ಸಮುದ್ರ ದ್ವೀಪಗಳಿಗೆ ಚಂಡಮಾರುತ ಬಡಿಯಿತು. ಅಲ್ಲಿದ್ದವರು ಬಹುಪಾಲು ಕಪ್ಪು ಜನ. ಮೂವತ್ತು ವರ್ಷದ ಹಿಂದೆ ಗುಲಾಮಗಿರಿಯಿಂದ ಬಿಡುಗಡೆಯಾದವರು. ಸುಮಾರು 30,000 ಮಂದಿಗೆ ಮನೆ ಇಲ್ಲದಂತಾಯಿತು. ಅವರನ್ನು ಕೇಳುವವರು ಕಡಿಮೆ ಇದ್ದರು. ಕ್ಲಾರಾ ಅಲ್ಲಿ ಹತ್ತು ತಿಂಗಳು ಇದ್ದರು.

ದುಡ್ಡು ಸ್ವಲ್ಪವೇ ಇತ್ತು. ಒಂದೊಂದು ಕುಟುಂಬಕ್ಕೆ ವಾರಕ್ಕೆ ಇಷ್ಟು ಗೋವಿನಜೋಳದ ನುಚ್ಚು, ಇಷ್ಟು ಮಾಂಸ ಅಂತ ಅಳತೆ ಮಾಡಿ ಹಂಚಿದರು. ನೀರು ನಿಂತ ಹೊಲಗಳಿಗೆ ಕಾಲುವೆ ತೋಡುವವರಿಗೆ, ಮನೆ ಕಟ್ಟುವವರಿಗೆ ಹೆಚ್ಚು ಪಾಲು. ತರಕಾರಿ ಬೀಜ ಕೊಟ್ಟರು. ಊರೂರಿನಿಂದ ಹಳೇ ಬಟ್ಟೆ ಪೀಪಾಯಿ ಪೀಪಾಯಿ ಬಂದವು. ಅವುಗಳನ್ನು ಹಾಗೇ ರಾಶಿ ಸುರುವಲಿಲ್ಲ. ಅಲ್ಲಿನ ಹೆಣ್ಣುಮಕ್ಕಳ ಹೊಲಿಗೆ ಸಂಘಗಳನ್ನು ಕಟ್ಟಿಸಿ, ಬಟ್ಟೆ ಆರಿಸಿ, ಹರಿದಿದ್ದನ್ನು ಹೊಲಿಸಿ, ಆಮೇಲೆ ಯಾರಿಗೆ ಏನು ಬೇಕೋ ಅದನ್ನು ಕೊಟ್ಟರು. ಇದನ್ನು ನೆನಪಿಡಿ, ಕೊನೆಯಲ್ಲಿ ಬರುತ್ತದೆ.

ಕೊನೆಯ ದೊಡ್ಡ ಕೆಲಸ

1900ನೇ ಇಸವಿ ಸೆಪ್ಟೆಂಬರ್ 8ರಂದು ಟೆಕ್ಸಾಸ್ ರಾಜ್ಯದ ಗಾಲ್ವೆಸ್ಟನ್ ನಗರಕ್ಕೆ ಸಮುದ್ರವೇ ಎದ್ದು ಬಂದಂತೆ ಬಿರುಗಾಳಿ ಬಂತು. ಕಡಿಮೆ ಅಂದರೂ 6,000 ಮಂದಿ ಸತ್ತರು. ಕ್ಲಾರಾ ಅವರಿಗೆ ಆಗ 78 ವರ್ಷ. ನಮ್ಮ ಆಯಿ ಆ ವಯಸ್ಸಿನಲ್ಲಿ ಕಟ್ಟೆ ಇಳಿಯಲಿಕ್ಕೆ ನನ್ನ ಕೈ ಹಿಡಿಯುತ್ತಾಳೆ. ಇವರು ರೈಲು ಹತ್ತಿ ಹೋಗಿ ಮನೆ ಕಟ್ಟಲು ಹಲಗೆ ಕೂಡಿಸಿದರು, ಅನಾಥ ಮಕ್ಕಳನ್ನು ನೋಡಿಕೊಂಡರು. ಸುತ್ತಲಿನ ರೈತರ ಹೊಲ ಹಾಳಾಗಿತ್ತು. ಅವರಿಗೆ 15 ಲಕ್ಷ ಸ್ಟ್ರಾಬೆರಿ ಸಸಿ ತರಿಸಿಕೊಟ್ಟರು. ಸ್ಟ್ರಾಬೆರಿ ಅಂದರೆ ಕೆಂಪಗೆ ಇರುವ ಒಂದು ಹಣ್ಣು. ನಾನಿನ್ನೂ ತಿಂದಿಲ್ಲ.

ತಪ್ಪುಗಳೂ ಇದ್ದವು

ಮಹಾನ್ ವ್ಯಕ್ತಿಗಳ ಬಗ್ಗೆ ಬರೆಯುವಾಗ ಒಳ್ಳೆಯದನ್ನೇ ಬರೆಯುತ್ತೇವೆ. ಆದರೆ ಗುರುಗಳು ನಿಜ ಬರೆ ಅಂದರು. ಕ್ಲಾರಾ ಅವರಿಗೆ ಎಲ್ಲಾ ಕೆಲಸ ತಾವೇ ಮಾಡಬೇಕು ಎಂಬ ಹಟ ಇತ್ತು. ಬೇರೆಯವರ ಕೈಗೆ ಬಿಟ್ಟುಕೊಡುತ್ತಿರಲಿಲ್ಲ. ಬಂದ ದುಡ್ಡಿನ ಲೆಕ್ಕ ಪತ್ರ ಸರಿಯಾಗಿ ಇಡಲಿಲ್ಲ ಅಂತ ಸಂಸ್ಥೆಯೊಳಗಿನವರೇ ಆರೋಪ ಮಾಡಿದರು. ಜಗಳ ಬೆಳೆದು 1904ರಲ್ಲಿ ಅವರು ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅವರಿಗಾಗ 82 ವರ್ಷ. ಅವ್ವನ ಸಂಘದಲ್ಲಿ ಹತ್ತು ರೂಪಾಯಿ ಕಟ್ಟಿದರೂ ಪಾಸ್ ಪುಸ್ತಕದಲ್ಲಿ ಬರೆದು ಸಹಿ ಮಾಡುತ್ತಾರೆ. ಮನಸ್ಸು ಒಳ್ಳೆಯದಿದ್ದರೆ ಸಾಲದು, ಲೆಕ್ಕವೂ ಒಳ್ಳೆಯದಿರಬೇಕು ಅಂತ ಇದರಿಂದ ತಿಳಿಯುತ್ತದೆ. ಕ್ಲಾರಾ ಅವರು ಸುಮ್ಮನೆ ಕೂರಲಿಲ್ಲ, ಜನರಿಗೆ ಪ್ರಥಮ ಚಿಕಿತ್ಸೆ ಕಲಿಸುವ ಸಂಘ ಸುರು ಮಾಡಿದರು.

ಹಲಗೆಗಳ ಕಥೆ

ಜಾನ್ಸ್‌ಟೌನ್‌ನಲ್ಲಿ ಕೆಲಸ ಮುಗಿದ ಮೇಲೆ ಆ ಹೋಟೆಲನ್ನು ಬಿಚ್ಚಿದರು. ಹಲಗೆಗಳನ್ನು ಸೌದೆ ಮಾಡಲಿಲ್ಲ. ವಾಷಿಂಗ್ಟನ್ ಹತ್ತಿರದ ಗ್ಲೆನ್ ಎಕೋ ಎಂಬಲ್ಲಿಗೆ ಒಯ್ದು 1891ರಲ್ಲಿ ಅವುಗಳಿಂದಲೇ ಒಂದು ದೊಡ್ಡ ಮನೆ ಕಟ್ಟಿದರು. ಅದೇ ರೆಡ್ ಕ್ರಾಸ್ ಗೋದಾಮು, ಆಫೀಸು, ಕೊನೆಗೆ ಕ್ಲಾರಾ ಅವರ ಮನೆ. ಗೋಡೆ ಗೋಡೆಗೂ ಕಪಾಟು. ಅದರೊಳಗೆ ಹೊದಿಕೆ, ಬಟ್ಟೆ, ಔಷಧಿ ಸಿದ್ಧ ಇಡುತ್ತಿದ್ದರು. ಎಲ್ಲಿಂದಾದರೂ ಸುದ್ದಿ ಬಂದರೆ ತಕ್ಷಣ ಹೊರಡಬೇಕಲ್ಲ! ಆ ಮನೆಯಲ್ಲೇ 1912ನೇ ಇಸವಿ ಏಪ್ರಿಲ್ 12ರಂದು ತಮ್ಮ 90ನೇ ವಯಸ್ಸಿನಲ್ಲಿ ಕ್ಲಾರಾ ಬಾರ್ಟನ್ ತೀರಿಕೊಂಡರು. ಈಗ ಆ ಮನೆಯನ್ನು ಅಮೆರಿಕದ ಸರ್ಕಾರ ಐತಿಹಾಸಿಕ ಸ್ಮಾರಕ ಮಾಡಿದೆ.

ನಮ್ಮ ದೇಶದಲ್ಲಿ ಭಾರತೀಯ ರೆಡ್ ಕ್ರಾಸ್ ಸಂಸ್ಥೆ 1920ರಲ್ಲಿ ಕಾನೂನಿನ ಪ್ರಕಾರ ಸ್ಥಾಪನೆಯಾಯಿತು. ಭೂಕಂಪ, ಚಂಡಮಾರುತ, ನೆರೆ ಬಂದಾಗ ತಾಡಪತ್ರಿ, ಡೇರೆ, ಹೊದಿಕೆ, ಅಡಿಗೆ ಪಾತ್ರೆ ಹಂಚುತ್ತಾರೆ. ಹೈಸ್ಕೂಲಿನಲ್ಲಿ ಜೂನಿಯರ್ ರೆಡ್ ಕ್ರಾಸ್ ಇರುತ್ತದೆ. ಮುಂದಿನ ವರ್ಷ ನಾವು ಹೈಸ್ಕೂಲಿಗೆ ಹೋದಾಗ ಸೇರೋಣ.

ನಾನು ಯಾಕೆ ಇದನ್ನ ಬರೆದೆ

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಹೊಳಿ ಊರೊಳಗೆ ಬಂದದ್ದು ಎಲ್ಲರಿಗೂ ಗೊತ್ತು. ನಾನಾಗ ಒಂದನೇ ತರಗತಿ. ಅಪ್ಪ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ನಮ್ಮದು ಮಣ್ಣಿನ ಮನೆ, ಎರಡನೇ ದಿನವೇ ಹಿತ್ತಲ ಗೋಡೆ ಕುಸಿಯಿತು. ನಮ್ಮ ಸಾಲಿ ದಿನ್ನಿ ಮೇಲೆ ಇರುವುದರಿಂದ ಎಲ್ಲರೂ ಇಲ್ಲೇ ಇದ್ದೆವು. ಈಗ ಐದನೇ ತರಗತಿ ನಡೆಯುವ ಕೋಣೆಯಲ್ಲಿ ನಾವು ಒಂಬತ್ತು ಮನೆಯವರು ಇದ್ದೆವು. ಅವ್ವ ಎರಡು ದಿನ ಒದ್ದೆ ಸೀರೆಯಲ್ಲೇ ಇದ್ದಳು.

ಒಂದು ದಿನ ಎಲ್ಲಿಂದಲೋ ಲಾರಿ ಬಂತು. ಲಾರಿ ಮೇಲಿಂದ ಬಟ್ಟೆ ಎಸೆದರು. ಮಂದಿ ಕೆಸರಿನಲ್ಲಿ ಕಿತ್ತಾಡಿದರು. ಅವ್ವನ ಕೈಗೆ ಬಂದ ಗಂಟಿನಲ್ಲಿ ಸುಟ್ಟು ತೂತು ಬಿದ್ದ ಸೀರೆ, ಒಂದು ತೋಳಿನ ಕುಪ್ಪಸ ಇದ್ದವು. ಅವ್ವ ಅದನ್ನು ವಾಪಸ್ ರಾಶಿಗೆ ಇಟ್ಟು ಒಳಗೆ ಬಂದು ಗೋಡೆಗೆ ಮುಖ ಮಾಡಿ ಕುಂತಳು. ಅದೇ ದಿನ ಸಂಜೆ ಪಕ್ಕದ ಊರಿನ ಒಬ್ಬ ಮುದುಕಿ ಬುಟ್ಟಿಯಲ್ಲಿ ರೊಟ್ಟಿ, ಒಗೆದು ಮಡಿಚಿದ ಎರಡು ಕೌದಿ ತಂದಳು. ಅವ್ವನ ಪಕ್ಕ ಕೂತು ಊಟ ಆಯ್ತೇನವ್ವಾ ಅಂತ ಕೇಳಿ ಕೊಟ್ಟು ಹೋದಳು. ಆ ಕೌದಿ ಈಗಲೂ ನಾವು ಹೊದೆಯುತ್ತೇವೆ.

ಇಷ್ಟೆಲ್ಲ ಕಂಡವಳು ನಾನು. ಆದರೂ ಈ ವರ್ಷ ಬೇರೆ ಕಡೆಯ ನೆರೆ ಸಂತ್ರಸ್ತರಿಗೆ ಅಂತ ಸಾಲಿಯಲ್ಲಿ ಬಟ್ಟೆ ಕೂಡಿಸಿದಾಗ ನಾನು ಚೀಲಕ್ಕೆ ಹಾಕಿಕೊಂಡಿದ್ದು ಗುಂಡಿ ಇಲ್ಲದ, ಬಗಲಲ್ಲಿ ಹರಿದ ನನ್ನ ಹಳೇ ಫ್ರಾಕು. ಒಳ್ಳೆಯದನ್ನು ಕೊಡಲು ಮನಸ್ಸಾಗಲಿಲ್ಲ. ಅವ್ವ ಚೀಲ ನೋಡಿದಳು. ಬೈಯಲಿಲ್ಲ. ಫ್ರಾಕು ಹೊರಗೆ ತೆಗೆದು, ಸೂಜಿ ದಾರ ತಗೊಂಡು ದೀಪದ ಕೆಳಗೆ ಕುಂತಳು. ಬಗಲು ಹೊಲಿದಳು, ತನ್ನ ಕುಪ್ಪಸದ ಗುಂಡಿ ಕಿತ್ತು ಹಚ್ಚಿದಳು, ಒಗೆದು ಹಾಕಿದಳು. ನನಗೆ ಅವತ್ತು ಊಟ ಹೋಗಲಿಲ್ಲ. ಆಮೇಲೆ ಕ್ಲಾರಾ ಬಾರ್ಟನ್ ಅವರ ಹೊಲಿಗೆ ಸಂಘದ ಸಂಗತಿ ಓದಿದಾಗ ಅವ್ವನೇ ನೆನಪಾದಳು. ಅವ್ವ ಸಾಲಿ ಕಲಿತಿಲ್ಲ, ಆದರೂ ಅದೇ ಕೆಲಸ ಮಾಡಿದಳು.

ಗೆಳೆಯರೇ, ಮಳೆಗಾಲ ವರ್ಷಾ ಬರುತ್ತದೆ. ಇವತ್ತು ಅವರಿಗೆ, ನಾಳೆ ನಮಗೆ. ಆದ್ದರಿಂದ ನಮ್ಮ ಸಾಲಿಯಲ್ಲಿ ಒಂದು ಟ್ರಂಕು ಇಡೋಣ ಅಂತ ನನ್ನ ವಿನಂತಿ. ಸುಗ್ಗಿಯಲ್ಲಿ ಮನೆಗೆ ಒಂದೊಂದು ಬೊಗಸೆ ಜೋಳ ಕೂಡಿಸಿ ಮಾರಿದರೂ ತಾಡಪತ್ರಿ, ಹಗ್ಗ, ಬ್ಯಾಟರಿ, ಬೆಂಕಿಪೆಟ್ಟಿಗೆ, ಬಕೆಟ್ ಬರುತ್ತವೆ. ಕೌದಿ ಕೊಡುವವರು ಒಗೆದು ಮಡಿಚಿ ಕೊಡಿರಿ. ನಾವು ತೊಡದೇ ಇರುವುದನ್ನು ಬೇರೆಯವರಿಗೆ ಕೊಡುವುದು ಬೇಡ. ದೂರದ ಸಂಸ್ಥೆಗೆ ದುಡ್ಡು ಕಳಿಸಿದರೆ ರಸೀದಿ ಕೇಳಿ ತಗೊಳ್ಳೋಣ. ಯಾರು ಏನು ಕೊಟ್ಟರು, ಎಲ್ಲಿ ಖರ್ಚಾಯಿತು ಅಂತ ಪ್ರತಿ ತಿಂಗಳು ಇದೇ ಗೋಡೆ ಪತ್ರಿಕೆಯ ಕೆಳಗಿನ ಮೂಲೆಯಲ್ಲಿ ಬರೆದು ಅಂಟಿಸೋಣ. ಅಲ್ಲಿ ನಾನು ಜಾಗ ಬಿಟ್ಟಿದ್ದೇನೆ. ಮೊದಲನೇ ಸಾಲಿನಲ್ಲಿ ಅವ್ವನನ್ನು ಕೇಳಿ ಒಂದು ಕೌದಿ ಅಂತ ಬರೆದಿದ್ದೇನೆ. ಎರಡನೇ ಸಾಲು ಖಾಲಿ ಇದೆ.

ಬರವಣಿಗೆಯಲ್ಲಿ ತಪ್ಪಿದ್ದರೆ ಗುರುಗಳು, ಅಕ್ಕೋರು ಕ್ಷಮಿಸಬೇಕು.

ಇಂತಿ ನಿಮ್ಮ ಸಹಪಾಠಿ,
ಏಳನೇ ತರಗತಿ